ಡೆಡ್‌ಲೈನ್: ಗಡಿಯಿಂದ ಗಡುವಿಗೆ

(ಓದುಗರ ಕೂಟವೊಂದರಲ್ಲಿ ಮಾಡಿದ ಕಿರು ಭಾಷಣ)



ಪತ್ರಿಕಾ ಕಚೇರಿಗೆ ಸೇರಿದ ದಿನವೇ ನನ್ನ ಕಿವಿಗೆ ಬಿದ್ದ ಪದ ‘ಡೆಡ್‌ಲೈನ್’. ಇಷ್ಟು ಗಂಟೆಯೊಳಗೆ ಸುದ್ದಿ ಕೊಡದಿದ್ದರೆ ಪುಟದಲ್ಲಿ ಜಾಗವಿಲ್ಲ. ಈಗ ಈ ಪದ ಪತ್ರಕರ್ತರದಷ್ಟೇ ಅಲ್ಲ. ತೆರಿಗೆ ಕಟ್ಟುವವರಿಗೂ ಪರೀಕ್ಷೆಗೆ ಅರ್ಜಿ ಹಾಕುವವರಿಗೂ ಡೆಡ್‌ಲೈನ್ ಉಂಟು. ಆದರೆ ಕಾಲಮಿತಿಯ ಮಾತಿನಲ್ಲಿ ಸಾವು ಏಕೆ ಬಂತು?

ಉತ್ತರ ಅಮೆರಿಕದ ಅಂತರ್ಯುದ್ಧದಲ್ಲಿದೆ. 1864ರಲ್ಲಿ ದಕ್ಷಿಣದ ರಾಜ್ಯಗಳ ಪಡೆ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳ ಶಿಬಿರ ತೆರೆಯಿತು. ಸುತ್ತಲೂ ಮರದ ದಿಮ್ಮಿಗಳ ಎತ್ತರದ ಗೋಡೆ. ಅದರಿಂದ ಸುಮಾರು 19 ಅಡಿ ಒಳಗೆ ಒಂದು ಸಾಧಾರಣ ಮರದ ಬೇಲಿ. ಅದೇ ‘ಡೆಡ್ ಲೈನ್’. ಅದನ್ನು ದಾಟಿದವನಿಗೆ ಗುಂಡಿಕ್ಕಲು ಕಾವಲುಗಾರರಿಗೆ ಅಪ್ಪಣೆಯಿತ್ತು. ಬೇಲಿಯ ಈಚೆಗೂ ಬದುಕು ಸುಲಭವಿರಲಿಲ್ಲ. ಅಲ್ಲಿದ್ದ ಸುಮಾರು 45,000 ಕೈದಿಗಳಲ್ಲಿ ಹತ್ತಿರ ಹತ್ತಿರ 13,000 ಮಂದಿ ತೀರಿಕೊಂಡರು. ಹೆಚ್ಚಿನವರು ಹಸಿವು, ಕೊಳಕು ನೀರು, ರೋಗಗಳಿಂದ. ಯುದ್ಧ ಮುಗಿದ ಮೇಲೆ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನ ವಿಚಾರಣೆ ನಡೆಯಿತು. ಅವನ ಮೇಲಿನ ಆರೋಪಗಳಲ್ಲಿ ಈ ಗೆರೆಯ ಪ್ರಸ್ತಾಪವೂ ಇತ್ತು. 1865ರ ನವೆಂಬರ್ 10ರಂದು ಅವನನ್ನು ಗಲ್ಲಿಗೇರಿಸಲಾಯಿತು.

ಕಾಲಕ್ರಮೇಣ ದಾಟಬಾರದ ಯಾವುದೇ ಗಡಿಗೂ ಈ ಹೆಸರು ಬಂತು. ಮುದ್ರಣಯಂತ್ರದಲ್ಲಿ ಅಚ್ಚುಮೊಳೆಗಳು ಮೀರಬಾರದ ಗುರುತನ್ನೂ ಹಾಗೆಯೇ ಕರೆದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಪತ್ರಿಕೆಗಳವರು ಅದನ್ನು ಗಡಿಯಾರಕ್ಕೆ ಅಂಟಿಸಿದರು. ನೆಲದ ಗಡಿ ಹೊತ್ತಿನ ಗಡುವಾಯಿತು.

ನನ್ನದೂ ಒಂದು ತಪ್ಪಿದೆ. ಒಂದು ರಾತ್ರಿ ಅಪಘಾತದ ಸುದ್ದಿ. ಪುಟ ಮುಗಿಸುವ ಹೊತ್ತು. ಮತ್ತೊಮ್ಮೆ ವಿಚಾರಿಸದೆ, ಗಾಯಗೊಂಡಿದ್ದ ಒಬ್ಬರ ಹೆಸರನ್ನು ಸತ್ತವರ ಪಟ್ಟಿಗೆ ಸೇರಿಸಿಬಿಟ್ಟೆ. ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದರು. ಬೈಯಲಿಲ್ಲ, ‘ಅಪ್ಪ ಬದುಕಿದ್ದಾರೆ’ ಎಂದಷ್ಟೇ ಹೇಳಿದರು. ಮರುದಿನ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಗೆರೆ ದಾಟದಿರಲು ಅವಸರಪಟ್ಟು, ಬದುಕಿದ್ದವರನ್ನು ನಾನು ಗೆರೆಯಾಚೆ ತಳ್ಳಿದ್ದೆ.

ನಮ್ಮಲ್ಲಿ ಗಡುವಿಗೆ ‘ವಾಯಿದೆ’ ಎಂಬ ಇನ್ನೊಂದು ಪದವಿದೆ. ಅದು ಅರಬ್ಬಿಯಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಮಾತು ಕೊಡುವುದು. ಇಂಗ್ಲಿಷಿನ ಪದದ ಹಿಂದೆ ಬಂದೂಕು ನಿಂತಿದೆ, ಇದರ ಹಿಂದೆ ಕೊಟ್ಟ ಮಾತು. ತಡವಾದ ಸುದ್ದಿಗೆ ನಾಳೆಯ ಪುಟವಿದೆ. ಓದುಗರಿಗೆ ನಾವು ಕೊಟ್ಟ ಮಾತು ಮಾತ್ರ ಬೇಗ ಬರೆಯುವುದಲ್ಲ, ನಿಜ ಬರೆಯುವುದು.