ಬಿಷಪರ ಅನುಮತಿ

ಕೆಥೋಲಿಕ್ ಮನೆಯ ಹುಡುಗಿಯೊಬ್ಬಳು ಬೇರೆ ಮತದ ವರನನ್ನು ಒಪ್ಪಿದಳೆಂದಿಟ್ಟುಕೊಳ್ಳಿ. ‘ಬಿಷಪರ ಅನುಮತಿ ಬೇಕಂತೆ’ ಎಂಬ ಮಾತು ಕೂಡಲೇ ನಿಮ್ಮ ಕಿವಿಗೆ ಬೀಳುತ್ತದೆ. ಅದಕ್ಕೆ ಪ್ರತಿಯಾಗಿ ಕೊಡಬೇಕಾದ ವಚನ ಯಾವುದು, ಕೊಡುವವರು ಯಾರು ಎಂದು ವಿಚಾರಿಸುವವರು ಕಡಮೆ.

ವರನು ಪ್ರೊಟೆಸ್ಟಂಟನಾದರೆ ಅವನಿಗೂ ದೀಕ್ಷಾಸ್ನಾನವಾಗಿರುತ್ತದೆ. ಅಲ್ಲಿ ಬೇಕಾದುದು ಅನುಮತಿ. ಅದಿಲ್ಲದ ಮದುವೆ ನಿಷಿದ್ಧ, ಆದರೆ ಆ ಒಂದು ಕಾರಣಕ್ಕೇ ಅಸಿಂಧುವಾಗದು. ವರನು ಹಿಂದುವೋ ಮುಸಲ್ಮಾನನೋ ಆದರೆ ಬೇಕಾದುದು ವಿನಾಯಿತಿ. ಅದಿಲ್ಲದೆ ನಡೆದುದು ಧರ್ಮಸಭೆಯ ಕಣ್ಣಿಗೆ ಮದುವೆಯೇ ಅಲ್ಲ. ಮಾಡಬಾರದು ಎಂಬುದು ಬೇರೆ, ಮಾಡಿದರೂ ಆಗದು ಎಂಬುದು ಬೇರೆಯಷ್ಟೆ.

ಇನ್ನು ವಚನದ ವಿಷಯ. 1917ರ ಧರ್ಮಸಭೆಯ ಕಾನೂನಿನಂತೆ, ಹುಟ್ಟುವ ಮಕ್ಕಳೆಲ್ಲರನ್ನೂ ಕೆಥೋಲಿಕರಾಗಿಯೇ ಬೆಳೆಸುತ್ತೇವೆಂದು ವಧೂವರರಿಬ್ಬರೂ ಮಾತು ಕೊಡಬೇಕಾಗಿತ್ತು. ಹುಟ್ಟದ ಮಗುವಿನ ಬಗೆಗೆ ಕೊಟ್ಟ ಮಾತಿನ ಭಾರ, ಮಗು ಹುಟ್ಟಿದ ಮೇಲೆ ತಿಳಿಯುತ್ತದೆ. ಐರ್ಲೆಂಡಿನ ವೆಕ್ಸ್‌ಫರ್ಡ್ ಸೀಮೆಯಲ್ಲಿ ಫೆಥರ್ಡ್ ಎಂಬ ಕಡಲತಡಿಯ ಹಳ್ಳಿಯಿದೆ. ಅಲ್ಲಿನ ಕೆಥೋಲಿಕ್ ರೈತನೊಬ್ಬನ ಪ್ರೊಟೆಸ್ಟಂಟ್ ಹೆಂಡತಿ ಇಂಥ ವಚನ ಕೊಟ್ಟಿದ್ದಳು. 1957ರಲ್ಲಿ ಹಿರಿಯ ಮಗಳನ್ನು ಶಾಲೆಗೆ ಸೇರಿಸುವ ಕಾಲ ಬಂತು. ಕೆಥೋಲಿಕ್ ಶಾಲೆಗೇ ಕಳುಹಿಸಬೇಕೆಂದು ಪಾದ್ರಿಗಳು ಒತ್ತಾಯಿಸಿದರು. ಆಕೆ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಊರನ್ನೇ ಬಿಟ್ಟಳು. ಸಿಟ್ಟಿಗೆದ್ದ ಕೆಥೋಲಿಕರು ಪ್ರೊಟೆಸ್ಟಂಟರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಒಂದು ಮನೆಯ ವ್ಯಾಜ್ಯಕ್ಕೆ ಪಾಪ, ಅಂಗಡಿಯವನೇನು ಮಾಡಿದ್ದ? ಸ್ವತಃ ಕೆಥೋಲಿಕರಾದ ಪ್ರಧಾನಿ ಡಿ ವೆಲೆರಾ ಅವರೇ ಶಾಸನಸಭೆಯಲ್ಲಿ ಇದನ್ನು ಖಂಡಿಸಿದರು. ಕಡೆಗೆ ಗಂಡಹೆಂಡಿರು ಮತ್ತೆ ಕೂಡಿದರು. ಮಕ್ಕಳು ಆ ಶಾಲೆಗೂ ಇಲ್ಲ, ಈ ಶಾಲೆಗೂ ಇಲ್ಲ, ಮನೆಯಲ್ಲಿಯೇ ಕಲಿತರು. ಆ ಪ್ರಾಂತದ ಬಿಷಪರು ಕ್ಷಮೆ ಕೇಳಿದ್ದು 1998ರಲ್ಲಿ.

ಅಷ್ಟರಲ್ಲಿ ಕಾನೂನೇ ಬದಲಾಗಿತ್ತು. 1970ರಲ್ಲಿ ಆರನೆಯ ಪೌಲ್ ಪೋಪರು ಹೊರಡಿಸಿದ ಆಜ್ಞೆಯೂ 1983ರ ಹೊಸ ಸಂಹಿತೆಯೂ ಅನ್ಯಮತದ ಸಂಗಾತಿಯಿಂದ ವಚನ ಕೇಳುವುದಿಲ್ಲ. ಕೆಥೋಲಿಕ್ ಸಂಗಾತಿ ಮಾತ್ರ, ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳುವುದಾಗಿಯೂ ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಆ ಧರ್ಮದಲ್ಲಿ ಬೆಳೆಸಲು ತನ್ನಿಂದಾದುದನ್ನೆಲ್ಲ ಮಾಡುವುದಾಗಿಯೂ ಹೇಳಬೇಕು. ‘ತನ್ನಿಂದಾದುದನ್ನೆಲ್ಲ’ ಎಂಬ ಪದವನ್ನು ಗಮನಿಸಿ; ಫೆಥರ್ಡಿನ ತಾಯಿಗೆ ಈ ಸಡಿಲ ಇರಲಿಲ್ಲ. ಆದರೆ ಈ ವಚನವನ್ನು ಇನ್ನೊಬ್ಬರಿಗೆ ಸಕಾಲದಲ್ಲಿ ತಿಳಿಸಲೇಬೇಕೆಂದೂ ಕಾನೂನು ಹೇಳುತ್ತದೆ. ಆದುದರಿಂದ ನಿಮ್ಮ ಮನೆಯ ಹುಡುಗನಿಗೆ ಇಂಥ ಸಂಬಂಧ ಒದಗಿದರೆ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಈ ಮಾತನ್ನು ಕೇಳಿಕೊಳ್ಳಿ, ನಾಮಕರಣದ ದಿನ ಅಲ್ಲ.

ಮತ್ತೊಂದು ಮಾತು. 1954ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ ರಿಜಿಸ್ಟ್ರಾರರ ಮುಂದೆ ಮಾತ್ರ ಆದ ಮದುವೆ ಸರ್ಕಾರಕ್ಕೆ ಸಿಂಧು. ಬಿಷಪರು ವಿಧಿಯಿಂದಲೂ ವಿನಾಯಿತಿ ಕೊಟ್ಟಿರದಿದ್ದರೆ ಧರ್ಮಸಭೆಗೆ ಅದು ಸಾಲದು. ಇಗರ್ಜಿಯಲ್ಲಿ ಒಪ್ಪಿಗೆ ಹೇಳಿದವರು, ಅದೇ ಒಪ್ಪಿಗೆಯನ್ನು ಕೊಡುವುದಕ್ಕಾಗಿ ಇನ್ನೊಂದು ಮತದ ವಿವಾಹವಿಧಿಯನ್ನು ಮುಂಚೆಯಾಗಲಿ ಆಮೇಲಾಗಲಿ ನಡೆಸಲೂ ಕೂಡದು. ಛತ್ರ ಗೊತ್ತುಮಾಡುವ ಹಿರಿಯರು ಇದನ್ನೂ ಪಾದ್ರಿಗಳಲ್ಲಿ ಮೊದಲೇ ಕೇಳಿಕೊಳ್ಳುವುದು ಲೇಸು.