ಗೋಡೆಯೊಳಗಿನ ಗಾಜಿನ ಎಳೆ



ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಹಳೆಯ ಕಟ್ಟಡಗಳು ರಿಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ಸೊಸೈಟಿ ಸಭೆಯಲ್ಲಿ ಟೈಲ್ಸ್, ಲಿಫ್ಟ್, ನೀರಿನ ಟಾಂಕಿ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಗೋಡೆಯೊಳಗೆ ಯಾವ ಫೈಬರ್ ಕೇಬಲ್ ಹಾಕುತ್ತಾರೆ ಎಂದು ಕೇಳುವವರು ಕಡಿಮೆ. ಮಕ್ಕಳ ಆನ್‌ಲೈನ್ ಕ್ಲಾಸು, ಸೊಸೆಯ ವರ್ಕ್ ಫ್ರಮ್ ಹೋಮ್ ಎಲ್ಲವೂ ಅದನ್ನೇ ನಂಬಿವೆ. ಆದ್ದರಿಂದ ನಾವೇ ಕೇಳೋಣ.

ಫೈಬರಿನಲ್ಲಿ ಮುಖ್ಯವಾಗಿ ಎರಡು ಬಗೆ: ಸಿಂಗಲ್ ಮೋಡ್ ಮತ್ತು ಮಲ್ಟಿಮೋಡ್. ಎರಡರಲ್ಲೂ ಗಾಜಿನ ಎಳೆ 125 ಮೈಕ್ರಾನ್, ಹೆಚ್ಚುಕಡಿಮೆ ತಲೆಕೂದಲಿನ ದಪ್ಪ. ವ್ಯತ್ಯಾಸವಿರುವುದು ಬೆಳಕು ಸಾಗುವ ತಿರುಳಿನಲ್ಲಿ. ಇಂದಿನ ಮಲ್ಟಿಮೋಡಿನಲ್ಲಿ ಅದು 50 ಮೈಕ್ರಾನ್, ಸಿಂಗಲ್ ಮೋಡಿನಲ್ಲಿ ಸುಮಾರು 9. ಅಗಲವಾದ ತಿರುಳಿನಲ್ಲಿ ಬೆಳಕು ಹಲವು ಹಾದಿ ಹಿಡಿಯುತ್ತದೆ. ಒಟ್ಟಿಗೆ ಹೊರಟದ್ದು ಹಿಂದುಮುಂದಾಗಿ ತಲುಪುತ್ತದೆ. ದೂರ ಹೆಚ್ಚಿದಂತೆ ಸಂಕೇತ ಕಲಸಿಹೋಗುತ್ತದೆ. ಕಿರಿದಾದ ತಿರುಳಿನಲ್ಲಿ ಆ ತೊಂದರೆಯಿಲ್ಲ. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಓಎಂ3 ಎಂಬ ಮಲ್ಟಿಮೋಡ್ 300 ಮೀಟರ್ ಮುಟ್ಟಿದರೆ, ಸಿಂಗಲ್ ಮೋಡ್ ಸುಲಭವಾಗಿ 10 ಕಿಲೋಮೀಟರ್ ಮುಟ್ಟುತ್ತದೆ.

ಹಾಗೆಂದು ಮಲ್ಟಿಮೋಡ್ ಕೆಟ್ಟದ್ದಲ್ಲ. ನಮ್ಮ ಐರೋಲಿ, ಮಹಾಪೆಯಲ್ಲಿರುವಂಥ ಡೇಟಾ ಸೆಂಟರುಗಳ ಒಳಗೆ, ಒಂದು ಕಪಾಟಿನಿಂದ ಪಕ್ಕದ ಸಾಲಿಗೆ ಕೆಲವೇ ಮೀಟರ್ ಹೋಗಲು ಅದು ಸರಿ. ಅಲ್ಲಿ ಉಳಿತಾಯವಾಗುವುದು ಎರಡು ತುದಿಯ ಉಪಕರಣಗಳಲ್ಲಿ, ಕೇಬಲಿನಲ್ಲಲ್ಲ. ಮನೆಗೆ ಬರುವ ಫೈಬರ್ ಬ್ರಾಡ್‌ಬ್ಯಾಂಡ್ ಸಿಂಗಲ್ ಮೋಡಿನದು. ಕಟ್ಟಡದೊಳಗೆ ಬೇರೆ ಬಗೆ ಹಾಕಿಸಿದರೆ ಅದಕ್ಕೆ ಹೊಂದುವುದಿಲ್ಲ. ಮತ್ತೆ ಗೋಡೆ ಕೊರೆಯುವ ಖರ್ಚು ನಮ್ಮದೇ.

ಕೊಟೇಶನ್ ಬಂದಾಗ ಹೀಗೆ ನೋಡಿ. 'ಸಿಂಗಲ್ ಮೋಡ್, ಜಿ.657.ಎ2' ಎಂದು ಬರೆದಿರಲಿ. ಈ ಬಗೆ 7.5 ಮಿಲಿಮೀಟರ್ ತ್ರಿಜ್ಯದ ತಿರುವನ್ನೂ ತಾಳುತ್ತದೆ. ನಮ್ಮ ಇಕ್ಕಟ್ಟಿನ ಮೂಲೆಗಳಿಗೆ ಅದು ಬೇಕು. ಬಣ್ಣವನ್ನಷ್ಟೇ ನಂಬದೆ ಕೇಬಲಿನ ಮೇಲಿನ ಅಚ್ಚು ಓದಿ. ಹಸಿರು ಕನೆಕ್ಟರಿಗೆ ಹಸಿರೇ ಜೋಡಿ, ನೀಲಿಗೆ ನೀಲಿ. ಒಂದೆರಡು ಎಳೆ ಹೆಚ್ಚುವರಿಯಾಗಿರಲಿ, ಪೈಪಿನಲ್ಲಿ ಜಾಗವಿರಲಿ. ಬಿಚ್ಚಿದ ತುದಿಗೆ ಮಾತ್ರ ಯಾರೂ ಕಣ್ಣಿಡಬಾರದು. ಅದರ ಬೆಳಕು ಕಾಣದು, ಕಣ್ಣಿಗೆ ಅಪಾಯ. ಮಕ್ಕಳಿಗೂ ಹೇಳಿಡಿ.

ರೂಟರ್ ಕೆಲವು ವರ್ಷಕ್ಕೆ ಬದಲಾಗುತ್ತದೆ, ಗೋಡೆಯೊಳಗಿನ ಎಳೆ ದಶಕಗಳ ಕಾಲ ಇರುತ್ತದೆ. ಅಕ್ಕಿ ಕೊಳ್ಳುವಾಗ ಅಂಗೈಯಲ್ಲಿ ಹಿಡಿದು ನೋಡುವವರು ನಾವು. ಸಹಿ ಬೀಳುವ ಮೊದಲು ಇದನ್ನೂ ಹಾಗೆಯೇ ನೋಡೋಣ.