ಜಠರದ ಹಿಂದೆ ಅಡಗಿದ ಅಂಗ



ಜಠರ ಗೊತ್ತು, ಕರುಳು ಗೊತ್ತು. ಮೇದೋಜೀರಕ ಎಂಬ ಹೆಸರು ಕೇಳಿದ್ದೀರಾ? ಬಿಡಿಸಿ ಓದಿ: ಮೇ-ದೋ-ಜೀ-ರ-ಕ.

ಬೂತಾಯಿ ಮೀನನ್ನು ನೆನಪು ಮಾಡಿಕೊಳ್ಳಿ. ಮೀನು ತಿನ್ನದವರೂ ಮಾರ್ಕೆಟಿನಲ್ಲಿ ನೋಡಿಯೇ ಇರುತ್ತೀರಿ. ಈ ಅಂಗವೂ ಹೆಚ್ಚುಕಡಿಮೆ ಅಷ್ಟೇ ಉದ್ದ, ಸುಮಾರು 15 ಸೆಂಟಿಮೀಟರ್. ಇದಕ್ಕೂ ತಲೆ, ಕುತ್ತಿಗೆ, ಮೈ, ಬಾಲ ಉಂಟು. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡ ಮಲಗಿರುತ್ತದೆ. ತಲೆ ನಮ್ಮ ಬಲಕ್ಕೆ, ಸಣ್ಣ ಕರುಳಿನ ಬಾಗಿನಲ್ಲಿ. ಬಾಲ ಎಡಕ್ಕೆ, ಗುಲ್ಮದ ಹತ್ತಿರ.

ಊಟ ಜೀರ್ಣವಾಗಲು ರಸ ಮಾಡಿ ಇದು ಕರುಳಿಗೆ ಕಳಿಸುತ್ತದೆ. ಇನ್ಸುಲಿನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಸಾಲದೆ ಹೋದರೆ, ಇಲ್ಲವೇ ಮೈಗೆ ಅದು ಸರಿಯಾಗಿ ಹಿಡಿಯದೆ ಹೋದರೆ, ಸಕ್ಕರೆ ಕಾಯಿಲೆ.

ಇನ್ನು ಸುತ್ತಲಿನ ರಕ್ತನಾಳಗಳು. ನಮ್ಮ ಅಳಿವೆಬಾಗಿಲಿನಲ್ಲಿ ನೇತ್ರಾವತಿ, ಫಲ್ಗುಣಿ ಕೂಡಿ ಕಡಲಿಗೆ ಹೋಗುತ್ತವೆ, ಅಲ್ವಾ? ಹಾಗೆಯೇ ಈ ಅಂಗದ ಕುತ್ತಿಗೆಯ ಹಿಂದೆ ಎರಡು ದೊಡ್ಡ ನಾಳಗಳು ಕೂಡುತ್ತವೆ. ಒಂದು ಗುಲ್ಮದಿಂದ ಬರುವುದು, ಇನ್ನೊಂದು ಕರುಳಿನಿಂದ. ಕೂಡಿದ ನಾಳ ಊಟದ ಸಾರ ಹೊತ್ತು ಲಿವರಿಗೆ ಹೋಗುತ್ತದೆ. ಅದಕ್ಕೂ ಹಿಂದೆ, ಬೆನ್ನುಮೂಳೆಗೆ ತಾಗಿ, ಹೃದಯದಿಂದ ಇಳಿದು ಬರುವ ಮಹಾ ರಕ್ತನಾಳ. ಗುಲ್ಮಕ್ಕೆ ರಕ್ತ ಒಯ್ಯುವ ನಾಳವಂತೂ ಇದರ ಮೇಲಂಚಿನಲ್ಲಿ ಹಾವಿನ ಹಾಗೆ ಡೊಂಕು ಡೊಂಕು. ಇಷ್ಟು ನಾಳಗಳ ನಡುವೆ ಕತ್ತರಿ ಆಡಿಸುವುದು ಸುಲಭವಲ್ಲ. ಗಡ್ಡೆ ಬೆಳೆದು ನಾಳವನ್ನು ಸುತ್ತಿಕೊಂಡರೆ ಆಪರೇಶನ್ ಮಾಡಲಿಕ್ಕೇ ಆಗದಿರಬಹುದು. ಆದುದರಿಂದ ತಡ ಮಾಡಬಾರದು.

ಈ ಅಂಗ ಬಾತುಕೊಂಡರೆ ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು. ಅದು ಬೆನ್ನಿಗೂ ಹೊಡೆಯುತ್ತದೆ. ವಾಂತಿ ಬರುತ್ತದೆ. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿದು ಮಲಗಬೇಡಿ. ಕುಡಿಯುವ ಗಂಡಸರಿಗೆ ಮಾತ್ರ ಇದು ಬರುವುದಲ್ಲ. ಪಿತ್ತಕೋಶದ ಕಲ್ಲಿನಿಂದಲೂ ಬರುತ್ತದೆ. ಆ ಕಲ್ಲು ಹೆಂಗಸರಲ್ಲೇ ಜಾಸ್ತಿ.

ಪಿತ್ತರಸದ ಕೊಳವೆ ಹಾದುಹೋಗುವುದು ಈ ಅಂಗದ ತಲೆಯ ಮೂಲಕ. ಅಲ್ಲಿ ಗಡ್ಡೆಯಾದರೆ ಕೊಳವೆ ಮುಚ್ಚಿ ಕಣ್ಣು ಹಳದಿಯಾಗುತ್ತದೆ. ನೋವು ಇಲ್ಲದೆಯೂ ಆಗಬಹುದು. ಕಾಮಾಲೆ ಅಂತ ನಾಟಿ ಮದ್ದಿನಲ್ಲೇ ತಿಂಗಳು ಕಳೆಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಆ ತಿಂಗಳು ಮತ್ತೆ ಸಿಗುವುದಿಲ್ಲ.

ಹಂಪನಕಟ್ಟೆಯಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆ ಉಂಟು. ಹೋಗುವ ಮೊದಲು ಕಾಗದದಲ್ಲಿ ಬರೆದುಕೊಳ್ಳಿ: ನೋವು ಎಂದು ಶುರುವಾಯಿತು, ಬೆನ್ನಿಗೆ ಹೋಗುತ್ತದೋ, ಮೂತ್ರದ ಬಣ್ಣ ಹೇಗುಂಟು. ಡಾಕ್ಟರರ ಮುಂದೆ ಅದನ್ನೇ ಓದಿ ಹೇಳಿ.